ಅಜ್ಜಿಯ ಕಾಗದ ಮೊದಲು ಹುಡುಕು

ಪುಟ್ಟೀ, ಹದಿನೆಂಟು ತುಂಬಿತು, ವೋಟರ್ ಲಿಸ್ಟಿಗೆ ಹೆಸರು ಸೇರಿಸಬೇಕು, ಏನೇನು ಕಾಗದ ಬೇಕು ಚಿಕ್ಕಜ್ಜಿ ಅಂತ ಕೇಳಿದೆಯಲ್ಲ, ನಿನ್ನ ಮಟ್ಟಿಗೆ ಉತ್ತರ ಸುಲಭ. ನಮೂನೆ 6 ತುಂಬು. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೋ, ಜನನ ಪ್ರಮಾಣಪತ್ರವೋ, ಆಧಾರೋ ಒಂದಿದ್ದರೆ ಆಯಿತು. ವಿಳಾಸಕ್ಕೆ ಕರೆಂಟ್ ಬಿಲ್ಲು, ಬ್ಯಾಂಕಿನ ಪಾಸ್‌ಬುಕ್ಕು, ಇಂಥದ್ದು ಒಂದು. ಜೊತೆಗೊಂದು ಫೋಟೋ. ಮೊದಲಾದರೆ ಜನವರಿ 1ಕ್ಕೆ ಹದಿನೆಂಟು ಆಗಿರಲಿಲ್ಲವೆಂದರೆ ಇನ್ನೊಂದು ವರ್ಷ ಕಾಯಬೇಕಿತ್ತು. 2021ರಲ್ಲಿ ಕಾಯಿದೆ ತಿದ್ದಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಖು ಅಂತ ನಾಲ್ಕು ಅರ್ಹತಾ ದಿನ ಮಾಡಿದ್ದಾರೆ. ಹಾಸ್ಟೆಲಿನ ವಿಳಾಸ ಕೊಡುವೆಯೋ ಮನೆಯದ್ದೋ, ನಿನಗೆ ಬಿಟ್ಟದ್ದು. ಎರಡು ಕಡೆ ಮಾತ್ರ ಹೆಸರು ಇರಕೂಡದು.

ನಮೂನೆಯ ಕೊನೆಗೆ ಒಂದು ಘೋಷಣೆ ಇದೆ. ಮೊಬೈಲಿಗೆ ಆ್ಯಪ್ ಹಾಕಿಕೊಳ್ಳುವಾಗ ಓದದೆ ‘ಒಪ್ಪಿದೆ’ ಅಂತ ಒತ್ತುತ್ತೀಯಲ್ಲ, ಇಲ್ಲಿ ಹಾಗೆ ಮಾಡಬೇಡ. ಅದರಲ್ಲಿ ನೀನು ಬರೆದುಕೊಡುವುದು ಇದು: ನಾನು ಭಾರತದ ಪ್ರಜೆ, ಹುಟ್ಟಿದ್ದು ಇಂಥ ಊರು, ಇಂಥ ಜಿಲ್ಲೆ, ಇಂಥ ರಾಜ್ಯ, ಈ ವಿಳಾಸದಲ್ಲಿ ಇಂಥ ತಿಂಗಳಿಂದ ವಾಸವಾಗಿದ್ದೇನೆ. ಸುಳ್ಳು ಬರೆದುಕೊಟ್ಟರೆ 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 31ನೇ ಕಲಮಿನಂತೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಪೌರತ್ವಕ್ಕೆ ಬೇರೆ ಪುರಾವೆ ಲಗತ್ತಿಸು ಅಂತ ನಮೂನೆ ಕೇಳುವುದಿಲ್ಲ. ನಿನ್ನ ಮಾತು, ಆ ಮಾತಿನ ಹಿಂದೆ ಶಿಕ್ಷೆಯ ಭಯ, ಮನೆಗೆ ಬಂದು ವಿಚಾರಿಸುವ ಮತಗಟ್ಟೆ ಮಟ್ಟದ ಅಧಿಕಾರಿ ಅಂದರೆ ಬಿಎಲ್‌ಒ, ತಕರಾರಿದ್ದರೆ ಹೇಳಲು ಊರವರಿಗೊಂದು ಅವಕಾಶ. ಇಷ್ಟರ ಮೇಲೆಯೇ ನಮ್ಮ ಮತದಾರರ ಪಟ್ಟಿ ಇಷ್ಟು ವರ್ಷ ನಿಂತಿದ್ದು.

ಪೌರತ್ವದ ಷರತ್ತೇನೂ ಹೊಸದಲ್ಲ. ಸಂವಿಧಾನದ 326ನೇ ವಿಧಿಯಲ್ಲೇ ಇದೆ, ಮತ ಹಾಕುವವರು ಭಾರತದ ಪ್ರಜೆಯಾಗಿರಬೇಕು ಅಂತ. ಪ್ರಜೆಯಲ್ಲದವರ ಹೆಸರು ಪಟ್ಟಿಯಲ್ಲಿ ಇರಕೂಡದು ಅಂತ 1950ರ ಕಾಯಿದೆಯ 16ನೇ ಕಲಂ ಹೇಳುತ್ತದೆ. ಇದನ್ನು ತಪ್ಪು ಅನ್ನುವವರನ್ನು ನಾನಂತೂ ಕಂಡಿಲ್ಲ, ನಾನೂ ಅನ್ನುವುದಿಲ್ಲ. ನಿಮ್ಮಪ್ಪನೂ ನಿನ್ನ ಮಾವನೂ ಟಿವಿ ಮುಂದೆ ಕೂತು ಜಗಳ ಆಡುತ್ತಾರಲ್ಲ, ಅದರಲ್ಲಿ ಮುಕ್ಕಾಲು ಪಾಲು ಈ ಷರತ್ತಿನ ಬಗ್ಗೆಯೇ. ಅಲ್ಲಿ ಜಗಳಕ್ಕೆ ಜಾಗವೇ ಇಲ್ಲ. ಮಾತಾಡಬೇಕಾದದ್ದು ಮುಂದಿನದನ್ನು: ತೋರಿಸು ಅಂದಾಗ ಏನನ್ನು ತೋರಿಸುವುದು?

ಆಧಾರ್ ಅನ್ನುತ್ತೀಯ. ಆಧಾರ್ ಪೌರತ್ವದ ಪುರಾವೆಯಲ್ಲ ಅಂತ 2016ರ ಆಧಾರ್ ಕಾಯಿದೆಯ 9ನೇ ಕಲಮೇ ಹೇಳಿಬಿಟ್ಟಿದೆ. ಇಲ್ಲಿ ವರ್ಷದಲ್ಲಿ 182 ದಿನ ವಾಸವಿದ್ದ ಪರದೇಶದವರಿಗೂ ಅದು ಸಿಗುತ್ತದೆ. ಪ್ಯಾನ್ ಕಾರ್ಡು ತೆರಿಗೆಗೆ, ರೇಷನ್ ಕಾರ್ಡು ಅಕ್ಕಿಗೆ. ವೋಟರ್ ಕಾರ್ಡು ಪಟ್ಟಿಗೆ ಸೇರಿದ ಮೇಲೆ ಬರುವಂಥದ್ದು, ಅದನ್ನೇ ತೋರಿಸಿ ಪಟ್ಟಿ ಸೇರುವುದು ಹೇಗೆ? ಪಾಸ್‌ಪೋರ್ಟ್ ಇದ್ದರೆ ಸರಿ, ನಮ್ಮ ಬೀದಿಯಲ್ಲಿ ಎಷ್ಟು ಮನೆಯಲ್ಲಿದೆ ಹೇಳು. ಹುಟ್ಟಿನಿಂದ ಪ್ರಜೆಯಾದವರಿಗೆ ‘ಇಗೋ ನಿನ್ನ ಪೌರತ್ವ ಪತ್ರ’ ಅಂತ ಸರ್ಕಾರ ಒಂದು ಕಾಗದ ಕೈಗೆ ಕೊಟ್ಟದ್ದೇ ಇಲ್ಲ.

ಹಾಗಾಗಿ ಲೆಕ್ಕ ಕೊನೆಗೆ ಹುಟ್ಟಿಗೆ ಬಂದು ನಿಲ್ಲುತ್ತದೆ. 1955ರ ಪೌರತ್ವ ಕಾಯಿದೆಯ ಪ್ರಕಾರ 1987ರ ಜುಲೈ 1ಕ್ಕೆ ಮೊದಲು ಈ ನೆಲದಲ್ಲಿ ಹುಟ್ಟಿದವರಿಗೆ ಇಲ್ಲಿ ಹುಟ್ಟಿದ್ದೇ ಸಾಕು. ಅಲ್ಲಿಂದ 2004ರ ಡಿಸೆಂಬರ್ 3ಕ್ಕೆ ಮೊದಲು ಹುಟ್ಟಿದವರಾದರೆ ಅಪ್ಪ ಅಮ್ಮರಲ್ಲಿ ಒಬ್ಬರು ಪ್ರಜೆಯಾಗಿರಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೇ ಒಬ್ಬರು ಪ್ರಜೆ, ಇನ್ನೊಬ್ಬರು ಅಕ್ರಮವಾಗಿ ಬಂದವರಲ್ಲ ಎನ್ನುವಂತಿರಬೇಕು. ಈಗ ನಿಮ್ಮ ಮನೆಗೇ ಹಿಡಿದು ನೋಡು. ನಿಮ್ಮಜ್ಜಿ ಹುಟ್ಟಿದ್ದು 1955ರ ಸುಮಾರಿಗೆ, ನಿಮ್ಮಮ್ಮ 1985. ಇಬ್ಬರೂ ಮೊದಲ ಲೆಕ್ಕಕ್ಕೆ. ನಿನ್ನ ಸೋದರತ್ತೆಯ ಮಗ ತೊಂಬತ್ತೆಂಟರಲ್ಲಿ ಹುಟ್ಟಿದವನು, ಅವನು ಎರಡನೆಯದಕ್ಕೆ. ನೀನು ಮೂರನೆಯದಕ್ಕೆ. ನಾಳೆ ಯಾರಾದರೂ ಬಿಗಿಯಾಗಿ ಕೇಳಿದರೆ ನಿನ್ನ ಅಂಕಪಟ್ಟಿ, ಜನನ ಪತ್ರ ಎಷ್ಟು ಚೊಕ್ಕಟವಾಗಿದ್ದರೂ ಸಾಲದು, ನಿನ್ನ ಅಪ್ಪ ಅಮ್ಮನ ಕಾಗದ ಬೇಕಾಗುತ್ತದೆ. ಅಪ್ಪನದು ಬೀರುವಿನಲ್ಲಿದೆ. ಅಮ್ಮನದು?

ಶಾಲೆಯಲ್ಲಿ ಟೀಚರ್ ಆಗಿದ್ದಾಗ ಬಿಎಲ್‌ಒ ಕೆಲಸಕ್ಕೂ ಹೋದವಳು ನಾನು. ಕಾಗದ ತೋರಿಸಿ ಅಂದರೆ ಗಂಡಸರದು ಮೊದಲು ಬರುತ್ತದೆ. ಪಹಣಿ, ಎಲ್‌ಐಸಿ ಬಾಂಡು, ಅಂಕಪಟ್ಟಿ, ಎಲ್ಲಕ್ಕೂ ಲ್ಯಾಮಿನೇಷನ್. ಸೊಸೆಯದು ಕೇಳಿದರೆ ಟ್ರಂಕಿನ ತಳದಿಂದ ಜವಳಿ ಅಂಗಡಿಯ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಎರಡು ಮಕ್ಕಳ ತಾಯಿ ಕಾರ್ಡು, ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ಕು, ಮಡಿಕೆ ಹರಿದ ಒಂದು ಲಗ್ನಪತ್ರಿಕೆ. ಟಿಸಿ ಎಲ್ಲಮ್ಮಾ ಅಂದರೆ ‘ತವರಲ್ಲೈತೆ’. ತವರಿನಲ್ಲಿ ಅಣ್ಣ ತಮ್ಮಂದಿರು ಪಾಲಾಗಿ, ಹಳೇ ಮನೆ ಕೆಡವಿ, ಆ ಕಾಗದ ಯಾವ ಮೂಲೆ ಸೇರಿತೋ. ಹೆಸರಾದರೂ ಒಂದೇ ಇರುತ್ತದೆಯೇ? ರೇಷನ್ ಕಾರ್ಡಿನಲ್ಲಿ ಪುಟ್ಟಲಕ್ಷ್ಮಮ್ಮ, ಆಧಾರಿನಲ್ಲಿ ಲಕ್ಷ್ಮಮ್ಮ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಲಕ್ಷ್ಮೀದೇವಿ, ಪಹಣಿಯಲ್ಲಿ ಇದ್ದರೆ ಗಂಡನ ಹೆಸರಿನ ಹಿಂದೆ ‘ಕೋಂ’ ಅಂತ ಸೇರಿಕೊಂಡಿರುತ್ತಾಳೆ. ಮದುವೆಗೆ ಮುಂಚೆ ಒಂದು ಇನಿಷಿಯಲ್, ಆಮೇಲೆ ಇನ್ನೊಂದು. ಹುಟ್ಟಿದ ತಾರೀಖು ಜೂನ್ 1, ಯಾಕೆಂದರೆ ಆ ಕಾಲದ ಮೇಷ್ಟ್ರು ಶಾಲೆಗೆ ಸೇರಿಸಿಕೊಂಡ ಮಕ್ಕಳಿಗೆಲ್ಲ ಅದನ್ನೇ ಬರೆಯುತ್ತಿದ್ದರು. ಊರಿನ ಅರ್ಧ ಜನ ಒಂದೇ ದಿನ ಹುಟ್ಟಿದವರು!

ಇದು ಇವತ್ತಿನ ಕಥೆಯೂ ಅಲ್ಲ. ದೇಶದ ಮೊದಲ ಮಹಾಚುನಾವಣೆ 1951–52ರಲ್ಲಿ ನಡೆಯಿತಲ್ಲ, ಆಗ ಸುಕುಮಾರ್ ಸೇನ್ ಮುಖ್ಯ ಚುನಾವಣಾ ಆಯುಕ್ತರು. ಪಟ್ಟಿ ಬರೆಯಲು ಮನೆಮನೆಗೆ ಹೋದವರಿಗೆ ಎಷ್ಟೋ ಹೆಂಗಸರು ಹೆಸರು ಹೇಳಲೇ ಇಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತಲೇ ಬರೆಸಿದರು. ಹಾಗೆ ಬರೆದರೆ ಆಗದು, ಸ್ವಂತ ಹೆಸರೇ ಬೇಕು ಅಂತ ಸೇನರು ಪಟ್ಟು ಹಿಡಿದರು. ಕೊನೆಗೂ ಹೆಸರು ಸಿಗದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಡಬೇಕಾಯಿತು. ಸೇನರು ಮಾಡಿದ್ದು ಸರಿಯೇ ಅಂತ ನನ್ನ ಮತ. ಆ ಕಷ್ಟದ ನಿರ್ಧಾರದಿಂದಲೇ ಮುಂದಿನ ಚುನಾವಣೆಗಳಲ್ಲಿ ಹೆಂಗಸರು ತಮ್ಮ ಹೆಸರಿನಲ್ಲೇ ಬಂದರು. ಆದರೆ ಅದೇ ಪಟ್ಟಿಯ ಇನ್ನೊಂದು ಸಂಗತಿಯನ್ನೂ ಕೇಳು. ಅದರ ತಯಾರಿ ಸಂವಿಧಾನ ಜಾರಿಗೆ ಬರುವುದಕ್ಕೆ ಮುಂಚೆಯೇ, 1948ರ ಹೊತ್ತಿಗೇ ಶುರುವಾಗಿತ್ತು. ದೇಶ ಒಡೆದು ಬಂದ ನಿರಾಶ್ರಿತರ ಕೈಯಲ್ಲಿ ಏನು ಕಾಗದ ಇದ್ದೀತು? ‘ಈ ಊರಿನಲ್ಲೇ ಕಾಯಂ ನೆಲೆಸುತ್ತೇನೆ’ ಅಂತ ಬರೆದುಕೊಟ್ಟರೆ ಸಾಕು, ಹೆಸರು ಸೇರಿಸಿಕೊಳ್ಳಿ ಅಂತ ದಿಲ್ಲಿಯಿಂದ ಸೂಚನೆ ಹೋಯಿತು. ಅಷ್ಟು ಗೋಳಿನ ಕಾಲದಲ್ಲಿ ಅಷ್ಟು ನಂಬಿಕೆ ಇಟ್ಟವರು ನಮ್ಮ ಹಿರಿಯರು.

ಕಾಲ ಹಾಗೇ ಇರಲಿಲ್ಲ. 2025ರ ಜೂನ್ 24ರಂದು ಬಿಹಾರದಲ್ಲಿ ವಿಶೇಷ ತೀವ್ರ ಪರಿಷ್ಕರಣೆ ಅಂತ ಚುನಾವಣಾ ಆಯೋಗ ಆದೇಶ ಹೊರಡಿಸಿತು. 7.89 ಕೋಟಿ ಮತದಾರರು, ನಮೂನೆ ತುಂಬಿ ಕೊಡಲು ಒಂದು ತಿಂಗಳು. ಹಿಂದಿನ ತೀವ್ರ ಪರಿಷ್ಕರಣೆಯ 2003ರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಆ ಪುಟವೇ ಪುರಾವೆ. ಇಲ್ಲದವರು 11 ದಾಖಲೆಗಳಲ್ಲಿ ಒಂದು ಕೊಡಬೇಕು: ಜನನ ಪತ್ರ, ಪಾಸ್‌ಪೋರ್ಟ್, ಮೆಟ್ರಿಕ್ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಅರಣ್ಯ ಹಕ್ಕುಪತ್ರ, 1987ಕ್ಕೆ ಮುಂಚಿನ ಸರ್ಕಾರಿ ಇಲ್ಲವೇ ಬ್ಯಾಂಕಿನ ಗುರುತಿನ ಕಾಗದ, ಹೀಗೆ. ಜನರ ಜೇಬಿನಲ್ಲಿದ್ದ ಆಧಾರ್, ರೇಷನ್ ಕಾರ್ಡು, ಆಯೋಗವೇ ಕೊಟ್ಟ ವೋಟರ್ ಕಾರ್ಡು, ಈ ಮೂರೂ ಆ ಹನ್ನೊಂದರಲ್ಲಿ ಇರಲಿಲ್ಲ. ಆಗಸ್ಟ್ 1ರ ಕರಡು ಪಟ್ಟಿ ಬಂದಾಗ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ತೀರಿಕೊಂಡವರು 22 ಲಕ್ಷ, ಊರು ಬಿಟ್ಟವರು ಇಲ್ಲವೇ ಸಿಗದವರು 36 ಲಕ್ಷ, ಎರಡು ಕಡೆ ಹೆಸರಿದ್ದವರು 7 ಲಕ್ಷ ಅಂತ ಆಯೋಗ ಲೆಕ್ಕ ಕೊಟ್ಟಿತು. ಆ ಲೆಕ್ಕದಲ್ಲಿ ‘ವಿದೇಶಿಯರು’ ಅಂತ ಒಂದು ಬಾಬತ್ತೇ ಇರಲಿಲ್ಲ. ಸತ್ತಿದ್ದಾರೆ ಅಂತ ಬರೆದಿದ್ದ ಇಬ್ಬರನ್ನು ಇದರ ವಿರುದ್ಧದ ಅರ್ಜಿದಾರರಲ್ಲಿ ಒಬ್ಬರಾದ ಯೋಗೇಂದ್ರ ಯಾದವರು ಸುಪ್ರೀಂ ಕೋರ್ಟಿಗೇ ಕರೆದುಕೊಂಡು ಬಂದು ನಿಲ್ಲಿಸಿದರು. ಬಿಟ್ಟವರ ಹೆಸರನ್ನು ಕಾರಣದ ಸಮೇತ ಪ್ರಕಟಿಸಿ ಅಂತ ಕೋರ್ಟು ಆಗಸ್ಟ್ 14ರಂದು ಹೇಳಿತು. ಸೆಪ್ಟೆಂಬರ್ 8ರಂದು, ಆಧಾರನ್ನೂ ಹನ್ನೆರಡನೆಯ ದಾಖಲೆಯಾಗಿ ತೆಗೆದುಕೊಳ್ಳಿ, ಗುರುತಿಗೆ ಮಾತ್ರ, ಪೌರತ್ವಕ್ಕಲ್ಲ ಅಂದಿತು. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ 7.42 ಕೋಟಿ ಹೆಸರು.

ಸತ್ತವರ ಹೆಸರು ತೆಗೆಯಬೇಕಾದ್ದೇ. ನಾನೇ ಎಷ್ಟು ಸಲ ತೆಗೆಸಿಲ್ಲ! ಆದರೆ ಒಂದು ತಿಂಗಳ ಗಡುವಿನಲ್ಲಿ ಕಾಗದ ಹೊಂದಿಸಿಕೊಳ್ಳಲು ಆಗದೆ ಒದ್ದಾಡುವವರು ಯಾರು ಅಂತ ಯೋಚಿಸು. ಗಡಿ ದಾಟಿ ಕಳ್ಳದಾರಿಯಲ್ಲಿ ಬಂದವನು ದಾಖಲೆಯನ್ನೂ ಕಳ್ಳದಾರಿಯಲ್ಲೇ ಹೊಂದಿಸಿಕೊಂಡಾನು. ಒದ್ದಾಡುವವರು ಸೂರತ್ತಿಗೆ ಕೂಲಿಗೆ ಹೋದ ಹುಡುಗ, ಓದದ ಮುದುಕಿ, ಮೂರು ಜಿಲ್ಲೆ ಆಚೆಗೆ ಮದುವೆಯಾಗಿ ಹೋದವಳು.

ಆಮೇಲೆ ಅಕ್ಟೋಬರ್ ಕೊನೆಯಲ್ಲಿ 12 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಿಗೆ ಇದೇ ಕೆಲಸ ಹೊರಟಾಗ ಕ್ರಮ ಒಂದಿಷ್ಟು ಸಡಿಲವಾಯಿತು. ನಮೂನೆಯ ಜೊತೆಗೆ ದಾಖಲೆ ಕೊಡಬೇಕಿಲ್ಲ, ಹಳೇ ಪಟ್ಟಿಯಲ್ಲಿ ನಿನ್ನದೋ ಹೆತ್ತವರದೋ ಹೆಸರು ತೋರಿಸು, ಹೊಂದದಿದ್ದರೆ ಆಗ ನೋಟಿಸು, ಆಗ ದಾಖಲೆ. ಕೇರಳವೂ ಅದರಲ್ಲಿತ್ತು. ಪುತ್ತೂರಿನ ಕಡೆಯ ಹುಡುಗಿ ಕಾಸರಗೋಡಿಗೆ ಸೊಸೆಯಾಗಿ ಹೋಗಿದ್ದಾಳೆ ಅಂದುಕೋ. ಗಂಡ ತನ್ನಪ್ಪನ ಹೆಸರನ್ನು ಕೇರಳದ ಹಳೇ ಪಟ್ಟಿಯಲ್ಲಿ ಕೂತಲ್ಲೇ ಹುಡುಕಿಬಿಡುತ್ತಾನೆ. ಇವಳು ಮಾತ್ರ ಕರ್ನಾಟಕದ 2002ರ ಪಟ್ಟಿ ತೆಗೆದು, ತನ್ನಪ್ಪ ಯಾವ ಬೂತಿನಲ್ಲಿ ವೋಟು ಹಾಕುತ್ತಿದ್ದರು ಅಂತ ಪತ್ತೆ ಮಾಡಬೇಕು. ಮಾವನ ಹೆಸರು ಹೇಳಿದರೆ ಲೆಕ್ಕಕ್ಕೆ ಬರುವುದಿಲ್ಲ. ಅಸ್ಸಾಮಿನ ಪೌರರ ಪಟ್ಟಿಯಾದ ಎನ್‌ಆರ್‌ಸಿಯಲ್ಲಿ ಇದೇ ಕಾರಣಕ್ಕೆ ಹೆಂಗಸರು ಗ್ರಾಮ ಪಂಚಾಯಿತಿ ಕಾರ್ಯದರ್ಶಿಯ ಪತ್ರ ಹಿಡಿದು ಬಂದಿದ್ದರು, ಇವಳು ಇಂಥವರ ಮಗಳು, ಮದುವೆಯಾಗಿ ಇಲ್ಲಿಗೆ ಬಂದವಳು ಅಂತ. ಹಾಗೆ ಬಂದ ಅರ್ಜಿಗಳು 40 ಲಕ್ಷಕ್ಕೂ ಹೆಚ್ಚು. ಗುವಾಹಟಿ ಹೈಕೋರ್ಟು ಆ ಪತ್ರ ನಡೆಯದು ಅಂದಿತು. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಪರಿಶೀಲಿಸಿ ತೆಗೆದುಕೊಳ್ಳಬಹುದು ಅಂದ ಮೇಲೆ ಅವರಿಗೆ ಉಸಿರು ಬಂತು. ಅಷ್ಟಾಗಿಯೂ 2019ರ ಆಗಸ್ಟ್ 31ರ ಕೊನೆಯ ಪಟ್ಟಿಯಿಂದ 19 ಲಕ್ಷ ಜನ ಹೊರಗುಳಿದರು.

ಅಮೆರಿಕದಲ್ಲಿರುವ ನಿಮ್ಮಣ್ಣನ ಮುಂದೆ ಇದನ್ನು ಹೇಳಿದರೆ ‘ನಮ್ಮಲ್ಲೂ ಅದೇ ಗಲಾಟೆ’ ಅನ್ನುತ್ತಾನೆ. ನಿಜವೇ. ಅಲ್ಲಿ ಕಾನ್ಸಾಸ್ ಅಂತ ಒಂದು ರಾಜ್ಯ, 2013ರಿಂದ ಪೌರತ್ವದ ಕಾಗದ ತೋರಿಸದೆ ಹೆಸರು ಸೇರಿಸುವುದಿಲ್ಲ ಅಂತ ಕಾನೂನು ಜಾರಿಗೆ ತಂದಿತು. 31,000ಕ್ಕೂ ಹೆಚ್ಚು ಜನರ ಅರ್ಜಿ ಸಿಕ್ಕಿಹಾಕಿಕೊಂಡಿತು. ವ್ಯಾಜ್ಯ ನಡೆದು 2018ರಲ್ಲಿ ನ್ಯಾಯಾಧೀಶೆ ಜೂಲಿ ರಾಬಿನ್‌ಸನ್ ಅದನ್ನು ರದ್ದು ಮಾಡಿದರು. 1999ರಿಂದ ಈಚೆಗೆ ಪಟ್ಟಿ ಸೇರಿದ್ದ ಪೌರರಲ್ಲದವರು ಹೆಚ್ಚೆಂದರೆ 39 ಜನ ಅಂತ ವಿಚಾರಣೆಯಲ್ಲಿ ಹೊರಬಿತ್ತು. ಮೂವತ್ತೊಂಬತ್ತು ಜನರನ್ನು ತಡೆಯಲು ಮೂವತ್ತೊಂದು ಸಾವಿರ ಜನರನ್ನು ಬಾಗಿಲಲ್ಲಿ ನಿಲ್ಲಿಸಿದ ಲೆಕ್ಕ ಅದು.

ಅವನಿಗೊಂದು ಮಾತು ನೀನೇ ಹೇಳು, ನಾನು ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸುವ ಕಚೇರಿಯಲ್ಲೇ ವೋಟರ್ ಲಿಸ್ಟಿಗೂ ಸೇರುತ್ತೀರಾ ಅಂತ ಕೇಳುತ್ತಾರೆ, 1993ರ ಅವರ ಕಾನೂನಿನಂತೆ. ಗ್ರೀನ್ ಕಾರ್ಡ್ ಇದ್ದ ಮಾತ್ರಕ್ಕೆ ಅವನು ಅಲ್ಲಿನ ಪ್ರಜೆಯಲ್ಲ. ಗೊತ್ತಿಲ್ಲದೆ ಹೂಂ ಅಂತ ಗುರುತು ಹಾಕಿ ಸಹಿ ಮಾಡಿದರೆ ಸುಳ್ಳು ಪೌರತ್ವ ಹೇಳಿಕೊಂಡ ಹಾಗಾಗಿ, ಗ್ರೀನ್ ಕಾರ್ಡಿಗೇ ಸಂಚಕಾರ ಬರುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರೆಗೆ ನಮೂನೆ 6ಎ ತುಂಬಿ ಇಲ್ಲಿನ ಪಟ್ಟಿಯಲ್ಲಿ ಅವನಿರಬಹುದು, ವೋಟು ಹಾಕಲು ಮಾತ್ರ ಊರಿಗೇ ಬರಬೇಕು. ಅಲ್ಲಿನ ಪೌರತ್ವ ತೆಗೆದುಕೊಂಡ ದಿನ ಇಲ್ಲಿನದು ಹೋಯಿತು. ಆಮೇಲೆ ಬೇಕಾದರೆ ಸಿಗುವ ಒಸಿಐ ಕಾರ್ಡಿಗೆ ವೋಟಿಲ್ಲ.

ಈಗ ನಮ್ಮ ಮನೆಗೆ ಬರೋಣ. ನಿಮ್ಮಜ್ಜಿ, ಅಂದರೆ ನಮ್ಮಕ್ಕ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಎಪ್ಪತ್ತೇಳರಿಂದ ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ. ನಾಳೆ ಯಾರಾದರೂ ಬಂದು ನೀನು ಪ್ರಜೆ ಅನ್ನುವುದಕ್ಕೆ ಏನಿದೆ ಅಂದರೆ ಅವಳು ಹೆದರಿಬಿಡುತ್ತಾಳೆ. ಹೆದರಬೇಕಿಲ್ಲ ಅಂತ ನೀನು ಹೇಳಬೇಕು. 1995ರಲ್ಲಿ ಲಾಲ್‌ಬಾಬು ಹುಸೇನ್ ಅನ್ನುವವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ ಮಾತಿದೆ. ಆಗ ದಿಲ್ಲಿ, ಮುಂಬೈಗಳ ಕೆಲವು ಬಡಾವಣೆಗಳ ಜನಕ್ಕೆ ಪೌರತ್ವ ರುಜುವಾತು ಮಾಡಿ ಅಂತ ನೋಟಿಸು ಹೋಗಿತ್ತು. ಹಿಂದಿನ ಪಟ್ಟಿಯಲ್ಲಿ ಹೆಸರಿದೆ ಅಂದರೆ ಅಧಿಕಾರಿ ಆಗಲೇ ವಿಚಾರಿಸಿಯೇ ಸೇರಿಸಿರುತ್ತಾನೆ ಅಂತ ತಿಳಿಯಬೇಕು, ತೆಗೆಯುವುದಾದರೆ ಕಾರಣ ತಿಳಿಸಬೇಕು, ಅವರು ಕೊಡುವ ಯಾವ ಸಾಕ್ಷ್ಯವನ್ನೂ ನೋಡದೆ ತಳ್ಳಕೂಡದು ಅಂತ ಕೋರ್ಟು ಹೇಳಿತು. ಹೆಸರು ತೆಗೆದರೂ ಅಲ್ಲಿಗೆ ಮುಗಿಯಲಿಲ್ಲ. ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

ಆದರೆ ಕೋರ್ಟಿನ ಮಾತು ನಂಬಿಕೊಂಡು ಕೈಕಟ್ಟಿ ಕೂರಬೇಡ. ಅಜ್ಜಿಗೆ ಜನನ ಪತ್ರ ಇಲ್ಲ, ಆ ಕಾಲದವರಲ್ಲಿ ಇರುವುದೇ ಅಪರೂಪ. ದೇಶಕ್ಕೆಲ್ಲ ಒಂದೇ ಅನ್ನುವಂಥ ಜನನ ಮರಣ ನೋಂದಣಿಯ ಕಾಯಿದೆ ಬಂದದ್ದೇ 1969ರಲ್ಲಿ. ಅವಳು ಓದಿದ ಶಾಲೆ ಇನ್ನೂ ನಡೆಯುತ್ತಿದೆ. ಅಲ್ಲಿನ ದಾಖಲಾತಿ ಪುಸ್ತಕದಲ್ಲಿ ಅಪ್ಪನ ಹೆಸರಿನ ಸಮೇತ ಅವಳ ಹೆಸರು ಇರಬೇಕು, ಹೆಡ್‌ಮಾಸ್ಟರಿಗೆ ಅರ್ಜಿ ಕೊಟ್ಟು ದೃಢೀಕರಣ ತೆಗೆದುಕೋ. ನಿಮ್ಮಮ್ಮನದು ಇನ್ನೂ ಸುಲಭ, ಎಸ್ಸೆಸ್ಸೆಲ್ಸಿ ಪಾಸಾದವಳು. ಅಂಕಪಟ್ಟಿಯಲ್ಲಿ ತವರಿನ ಇನಿಷಿಯಲ್, ಆಧಾರಿನಲ್ಲಿ ನಿಮ್ಮಪ್ಪನದು. ಎರಡೂ ಒಬ್ಬಳೇ ಅನ್ನುವುದಕ್ಕೆ ಮದುವೆ ನೋಂದಣಿ ಪತ್ರ ಇಲ್ಲದಿದ್ದರೆ ಈಗಲಾದರೂ ಮಾಡಿಸಲಿ. ವೋಟರ್ ಕಾರ್ಡಿನಲ್ಲಿ ಹೆಸರು ತಪ್ಪಿದ್ದರೆ ನಮೂನೆ 8. ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರ, ವಂಶವೃಕ್ಷ ಮಾಡಿಸುವಾಗ ಗಂಡುಮಕ್ಕಳದ್ದಷ್ಟೇ ಬರೆಸಿ ಬಂದುಬಿಡುವ ಚಾಳಿ ನಮ್ಮ ಕಡೆ ಇದೆ. ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ ಅಂತ ನಿಂತು ಹೇಳು. ಯಾರಿಗೂ ಅಸಲು ಕೊಟ್ಟು ಬರಬೇಡ. ನಮೂನೆ ಕೊಟ್ಟರೆ ಸ್ವೀಕೃತಿ ಇಸಿದುಕೋ. ಬ್ರೋಕರುಗಳ ಸಹವಾಸ ಬೇಡ, ವೋಟರ್ ಲಿಸ್ಟಿನ ಯಾವ ನಮೂನೆಗೂ ಕಾಸು ಕೊಡಬೇಕಿಲ್ಲ.

ನಿನ್ನ ಕಾಲೇಜಿನ ಗುಂಪುಗಳಲ್ಲಿ ಇನ್ನೊಂದು ಚಾಳಿ ಶುರುವಾಗಿದೆ ಅಂತ ಕೇಳಿದೆ. ಆ ಬೀದಿಯವರು ನಮ್ಮ ದೇಶದವರಲ್ಲ, ನಮೂನೆ 7 ಹಾಕಿ ಹೆಸರು ತೆಗೆಸೋಣ ಅಂತ. ಯಾರ ಮುಖ ನೋಡಿಯೂ, ಭಾಷೆ ಕೇಳಿಯೂ ಹಾಗೆ ಮಾಡಬೇಡ. ನಿಜವಾಗಿ ಗೊತ್ತಿದ್ದರೆ ಸಹಿ ಹಾಕಿ ದೂರು ಕೊಡು, ಅದು ನಿನ್ನ ಹಕ್ಕು. ಸುಳ್ಳಾದರೆ ಅದೇ 31ನೇ ಕಲಂ ನಿನ್ನ ಮೇಲೆ ಬರುತ್ತದೆ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಹೆಸರು ತೆಗೆಯಿರಿ ಅಂತ ಆನ್‌ಲೈನಿನಲ್ಲಿ 6,018 ಅರ್ಜಿ ಬಂದವು. ಪರಿಶೀಲಿಸಿದಾಗ ಸರಿಯಾದವು 24 ಮಾತ್ರ. ಮಿಕ್ಕವನ್ನು ಯಾರು ಹಾಕಿದರು ಅಂತ ಪೊಲೀಸು ತನಿಖೆಯೇ ಬೇಕಾಯಿತು.

ಇನ್ನು ಉಳಿದದ್ದು ಹಳೇ ಪಟ್ಟಿಯ ಪುಟ. 2002ರ ಪಟ್ಟಿ ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿದೆ. ಈಗಿನ ಕ್ಷೇತ್ರದ ಹೆಸರಿನಲ್ಲಿ ಹುಡುಕಿದರೆ ಸಿಗದೆಯೂ ಇರಬಹುದು, 2008ರಲ್ಲಿ ಕ್ಷೇತ್ರಗಳನ್ನು ಮರುವಿಂಗಡಣೆ ಮಾಡಿದರು. ನಮ್ಮೂರು ಆಗ ಯಾವ ಕ್ಷೇತ್ರದಲ್ಲಿತ್ತು ಅಂತ ಅಜ್ಜಿಯನ್ನೇ ಕೇಳು, ಅಂದಿನ ಎಮ್ಮೆಲ್ಲೆಯ ಹೆಸರಿನ ಸಮೇತ ಹೇಳುತ್ತಾಳೆ. ಅವಳದೂ ಅಜ್ಜನದೂ ಪುಟ ಸಿಕ್ಕಿದ ಕೂಡಲೇ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದಿಟ್ಟುಕೋ. ಆಗಿನ್ನೂ ಹದಿನೆಂಟು ತುಂಬಿರದ ನಿಮ್ಮಮ್ಮನಿಗೂ ಅದೇ ಪುಟ ಬೇಕಾಗುತ್ತದೆ. ಅಜ್ಜಿಯ ಶಾಲೆಗೆ ಹೋಗುವ ದಿನ ನನಗೆ ಮೊದಲೇ ಫೋನ್ ಮಾಡು. ಅಲ್ಲಿನ ಹೆಡ್‌ಮೇಷ್ಟ್ರು ನನಗೆ ಪರಿಚಯ, ಹಳೇ ಪುಸ್ತಕಗಳನ್ನು ಅಟ್ಟದಿಂದ ಇಳಿಸಿಡಿ ಅಂತ ಹೇಳಿರುತ್ತೇನೆ.